ಕಾರ್ಕಳದ ಗೊಮ್ಮಟ ಮತ್ತು ಗಣಕದ ಬಟನ್ ಬ್ಯಾಟರಿ

"ಸಿಮಾಸ್ ಚೆಕ್‌ಸಮ್ ಎರರ್ - ಡಿಫಾಲ್ಟ್ಸ್ ಲೋಡೆಡ್. ಪ್ರೆಸ್ ಎಫ್1 ಟು ಕಂಟಿನ್ಯೂ..."

ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ಕಪ್ಪು ಪರದೆಯ ಈ ಸಾಲು ಬಾಯಿಪಾಠ. ಎಫ್1 ಒತ್ತಿದರೆ ವಿಂಡೋಸ್ ಬರುತ್ತದೆ, ಕೆಲಸ ಸಾಗುತ್ತದೆ. ನಾಳೆ ಬೆಳಿಗ್ಗೆ ಮತ್ತೆ ಅದೇ ರಾಗ. ವೈರಸ್ ಬಂತೋ, ಹಾರ್ಡ್ ಡಿಸ್ಕ್ ಹೋಯಿತೋ ಅಂತ ಹೆದರುವವರೂ ಉಂಟು. ಅದೇನೂ ಅಲ್ಲ ಮಾರಾಯ್ರೇ. ಬರೆದಿಟ್ಟುಕೊಂಡ ಲೆಕ್ಕ ತಾಳೆಯಾಗುತ್ತಿಲ್ಲ ಅಂತ ಗಣಕ ಹೇಳುತ್ತಿದೆ, ಅಷ್ಟೇ. ಆದರೆ ಈ ಸಣ್ಣ ಮಾತಿಗೆ ಒಂದು ಚರಿತ್ರೆ ಇದೆ. ನಾವು ಬರೆದದ್ದು ಯಾವಾಗ ಬರೆದದ್ದು ಎಂಬ ಪ್ರಶ್ನೆಯೂ ಅದಕ್ಕೇ ತಗಲಿಕೊಂಡಿದೆ.

1981ರ ಆಗಸ್ಟಿನಲ್ಲಿ ಐಬಿಎಂ ತನ್ನ ಮೊದಲ ಪಿಸಿ ಹೊರತಂದಾಗ, ಕರೆಂಟು ತೆಗೆದರೂ ನಡೆಯುವ ಗಡಿಯಾರ ಅದರಲ್ಲಿರಲಿಲ್ಲ. ಚಾಲೂ ಮಾಡಿದಾಗಲೆಲ್ಲ ಡಾಸ್ ತಾರೀಖು, ಗಂಟೆ ಕೇಳುತ್ತಿತ್ತು. ಉತ್ತರಿಸದೆ ಎಂಟರ್ ಒತ್ತಿದರೆ ಅದರ ಮಟ್ಟಿಗೆ ಅಂದು 1980ರ ಜನವರಿ 1! 1984ರ ಆಗಸ್ಟಿನಲ್ಲಿ ಬಂದ ಪಿಸಿ ಎಟಿ ಈ ತಾಪತ್ರಯ ತಪ್ಪಿಸಿತು. (ಉಡುಪಿಯ ಲೆಕ್ಕದಲ್ಲಿ ಹೇಳುವುದಾದರೆ, ಪೇಜಾವರ ವಿಶ್ವೇಶತೀರ್ಥರ ಮೂರನೇ ಪರ್ಯಾಯ ನಡೆಯುತ್ತಿದ್ದ ವರ್ಷ.) ಅದರಲ್ಲಿ ಬ್ಯಾಟರಿಯ ಆಸರೆಯಿರುವ ಮೊಟೊರೋಲಾ ಚಿಪ್ ಒಂದಿತ್ತು. ಒಳಗೆ 64 ಬೈಟ್ ಜಾಗ. 14 ಬೈಟ್ ಗಡಿಯಾರಕ್ಕೆ, ಉಳಿದ 50 ಬೈಟ್ ಯಂತ್ರದ ವಿವರಗಳಿಗೆ - ಫ್ಲಾಪಿ ಎಷ್ಟು, ಹಾರ್ಡ್ ಡಿಸ್ಕ್ ಯಾವ ಬಗೆಯದು, ಮೆಮೊರಿ ಎಷ್ಟು ಇತ್ಯಾದಿ. ಆ ವಿವರಗಳಲ್ಲಿ 30 ಬೈಟುಗಳನ್ನು ಕೂಡಿ ಬಂದ ಮೊತ್ತವನ್ನು ಪಕ್ಕದಲ್ಲೇ ಬರೆದಿಡುವ ವ್ಯವಸ್ಥೆ. ಚಾಲೂ ಆದೊಡನೆ ಯಂತ್ರ ಇನ್ನೊಮ್ಮೆ ಕೂಡಿ ನೋಡುತ್ತದೆ. ಮೊತ್ತ ಹೊಂದದಿದ್ದರೆ ಎಚ್ಚರಿಕೆ. ದಿನಸಿ ಅಂಗಡಿಯವರು ಲೆಕ್ಕದ ಪುಸ್ತಕದಲ್ಲಿ ಪುಟದ ಅಡಿಗೆ ಮೊತ್ತ ಹಾಕಿಡುವುದಿಲ್ಲವೇ, ಹಾಗೆ. ಚೆಕ್‌ಸಮ್ ಅಂದರೆ ಅದೇ.

ಆಮೇಲೆ ಚಿಪ್ಪುಗಳು ಬದಲಾದವು, ಬ್ಯಾಟರಿಯೂ ಬದಲಾಯಿತು. ನಮ್ಮ ಮನೆಗಳಿಗೆ ಬಂದ ಗಣಕಗಳಲ್ಲಿ ಇರುವುದು ಸಿಆರ್ 2032. ಮೂರು ವೋಲ್ಟಿನ ಲಿಥಿಯಂ ಬಿಲ್ಲೆ. 20 ಎಂದರೆ ವ್ಯಾಸ 20 ಮಿಲಿಮೀಟರ್, 32 ಎಂದರೆ ದಪ್ಪ 3.2 ಮಿಲಿಮೀಟರ್. ಪ್ಲಗ್ ಗೋಡೆಯಲ್ಲಿದ್ದು ಸ್ವಿಚ್ ಹಾಕಿದ್ದರೆ ಗಡಿಯಾರ ಕರೆಂಟಿನಲ್ಲೇ ನಡೆಯುತ್ತದೆ, ಬ್ಯಾಟರಿಗೆ ವಿಶ್ರಾಂತಿ. ಕರಾವಳಿಯಲ್ಲಿ ಹಾಗೆ ಬಿಡಲಾಗುತ್ತದೆಯೇ? ಗುಡುಗು ಕೇಳಿದ ಕೂಡಲೇ ನಾವು ಪ್ಲಗ್ ಕಿತ್ತಿಡುವವರು. ಮಳೆಗಾಲವಿಡೀ ಬ್ಯಾಟರಿಗೆ ಕೆಲಸವೋ ಕೆಲಸ. ಬೇಗ ಸೋಲುತ್ತದೆ.

ಪರಿಹಾರ ಸುಲಭ. ಪ್ಲಗ್ ತೆಗೆಯಿರಿ. ಪವರ್ ಬಟನ್ ನಾಲ್ಕಾರು ಸೆಕೆಂಡು ಒತ್ತಿ ಉಳಿದ ವಿದ್ಯುತ್ತು ಹೋಗಲು ಬಿಡಿ. ಕ್ಯಾಬಿನೆಟ್ ಬಿಚ್ಚಿ, ಹಳೆಯ ಬಿಲ್ಲೆ ತೆಗೆದು, ಪ್ಲಸ್ ಗುರುತು ಮೇಲೆ ಬರುವಂತೆ ಹೊಸದನ್ನು ಕೂರಿಸಿ. ಚಾಲೂ ಮಾಡುವಾಗ ಹೆಚ್ಚಿನ ಬೋರ್ಡುಗಳಲ್ಲಿ ಡಿಲೀಟ್ ಕೀಲಿ ಒತ್ತಿದರೆ ಸೆಟಪ್ ಬರುತ್ತದೆ. ತಾರೀಖು, ಗಂಟೆ ಸರಿಮಾಡಿ ಸೇವ್ ಮಾಡಿ. ಸೇವ್ ಮಾಡದೆ ಹೊರಬಂದರೆ ಎಚ್ಚರಿಕೆ ಮತ್ತೆ ಬರುತ್ತದೆ. ಕಾಪುವಿನ ಗೆಳೆಯರೊಬ್ಬರ ಮನೆಯಲ್ಲಿ ಹೊಸ ಬ್ಯಾಟರಿ ಹಾಕಿದರೂ ಸಂದೇಶ ಹೋಗಲಿಲ್ಲ. 1901ರ ದೀಪಸ್ತಂಭ ಕಿಟಕಿಯಿಂದ ಕಾಣುವ ಮನೆ, ಉಪ್ಪುಗಾಳಿ ಕೇಳಬೇಕೇ! ಬ್ಯಾಟರಿ ಕೂರುವ ಲೋಹದ ನಾಲಗೆಗೆ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಉಜ್ಜಿ ತೆಗೆದ ಮೇಲೆ ಸರಿಹೋಯಿತು.

ಇಷ್ಟಾದರೆ ರಿಪೇರಿ ಮುಗಿಯಿತು. ಎಫ್1 ಒತ್ತುತ್ತಾ ಕಳೆದ ವರ್ಷಗಳ ತಾರೀಖು ಮಾತ್ರ ತಿರುಗಿ ಬರುವುದಿಲ್ಲ.

ಕಾರ್ಕಳದ ನಮ್ಮ ದೊಡ್ಡಪ್ಪ ಮನೆತನದ ಸಂಗತಿಗಳನ್ನು 'ನುಡಿ'ಯಲ್ಲಿ ಟೈಪ್ ಮಾಡಿಟ್ಟಿದ್ದರು. ಮಣಿಪಾಲದ ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ಅವರಿಗೆ ಚೆನ್ನಾಗಿ ಒಗ್ಗಿತ್ತು. ಅವರು ತೀರಿಕೊಂಡ ಮೇಲೆ ಕಡತಗಳನ್ನು ತೆರೆದರೆ ಎಲ್ಲಕ್ಕೂ ಒಂದೇ ತಾರೀಖು: 2002ರ ಜನವರಿ 1. ಪ್ಲಗ್ ಕಿತ್ತಾಗಲೆಲ್ಲ ಆ ಬೋರ್ಡು ಹಿಂದಿರುಗುತ್ತಿದ್ದ ದಿನ ಅದು. ಬೈಲುಗದ್ದೆ ಮನೆಗೆ ಹೇಗೆ ಬಂತು ಎಂಬುದಕ್ಕೆ ಎರಡು ಬರಹ ಇದ್ದವು, ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದರಲ್ಲಿ ಕ್ರಯ, ಇನ್ನೊಂದರಲ್ಲಿ ಅಡವು. ಯಾವುದು ಮೊದಲಿನದು, ಯಾವುದು ತಿದ್ದಿದ್ದು? ಮನೆಯಲ್ಲಿ ಎರಡು ಪಕ್ಷವಾಯಿತು.

ಬಿಡಿಸಿಕೊಟ್ಟದ್ದು ಉಡುಪಿ. ಒಂದು ಬರಹದಲ್ಲಿ "ಈಗ ಪುತ್ತಿಗೆಯವರ ಪರ್ಯಾಯ" ಎಂದಿತ್ತು, ಇನ್ನೊಂದರಲ್ಲಿ "ಈ ಶೀರೂರು ಪರ್ಯಾಯದಲ್ಲಿ" ಎಂದು. ಅಷ್ಟಮಠಗಳಿಗೆ ಎರಡೆರಡು ವರ್ಷ, ಹದಿನಾರು ವರ್ಷಕ್ಕೊಂದು ಸುತ್ತು. ಪುತ್ತಿಗೆ 2008ರಿಂದ, ಶೀರೂರು 2010ರಿಂದ. ಅದರ ಹಿಂದಿನ ಸುತ್ತಿನಲ್ಲಿ ಆ ಗಣಕ ಹುಟ್ಟಿರಲೇ ಇಲ್ಲ! ಅಂದರೆ ಅಡವಿನ ಮಾತು ಮೊದಲಿನದು, ಕ್ರಯ ಎಂದದ್ದು ಎರಡು ವರ್ಷ ವಿಚಾರಿಸಿ ತಿದ್ದಿಕೊಂಡದ್ದು. ಗಡಿಯಾರ ಮರೆತದ್ದನ್ನು ಬರಹ ನೆನಪಿಟ್ಟುಕೊಂಡಿತ್ತು.

ಇದು ಹೊಸ ಉಪಾಯವೇನಲ್ಲ. ಕಾರ್ಕಳದ ಬೆಟ್ಟದ ಮೇಲಿನ ಗೊಮ್ಮಟನನ್ನೇ ನೋಡಿ. ವೀರಪಾಂಡ್ಯ ಭೈರರಸ ಅದನ್ನು ನಿಲ್ಲಿಸಿದ ದಿನವನ್ನು ಶಾಸನದಲ್ಲಿ ಒಂದೇ ಅಂಕಿಯಲ್ಲಿ ಹೇಳಿಲ್ಲ. ಶಕ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ, ಶಕವರ್ಷ ಅದನ್ನು ಕಟ್ಟಿಹಾಕುತ್ತದೆ. ತಿಥಿ ಸರಿಯೇ ಎಂದು ವಾರ ಪರೀಕ್ಷಿಸುತ್ತದೆ. ಒಂದು ಅಕ್ಷರ ಸವೆದರೂ ಉಳಿದವು ಸಾಕ್ಷಿ ಹೇಳುತ್ತವೆ. ಎಲ್ಲವೂ ತಾಳೆಯಾಗಿ ಸಿಗುವುದು 1432ರ ಫೆಬ್ರವರಿ 13. ಲೆಕ್ಕ ಹಾಕಿ ನೋಡಿದೆ, ಅಂದು ಬುಧವಾರವೇ. ಇದಕ್ಕಿಂತ ಒಳ್ಳೆಯ ಚೆಕ್‌ಸಮ್ ಬೇಕೇ? :-)

ಬ್ಲಾಗಿಗ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟು. ಬ್ಯಾಟರಿ ಖಂಡಿತ ಬದಲಿಸಿ, ಅಂಗೈಯಲ್ಲಿ ಅಡಗುವ ಸಣ್ಣ ವಸ್ತು. ಆದರೆ ಯಂತ್ರ ಒತ್ತುವ ತಾರೀಖನ್ನೇ ನಂಬಿ ಕೂರಬೇಡಿ. ಹಿರಿಯರ ಮಾತು ಬರೆದುಕೊಳ್ಳುವಾಗ ಕಡತದ ಒಳಗೇ, ಮೊದಲ ಸಾಲಿನಲ್ಲಿ ದಿನ, ವಾರ, ಊರು ಬರೆಯಿರಿ. ಆ ವರ್ಷ ಯಾರ ಪರ್ಯಾಯ ಎಂದೂ ಸೇರಿಸಿದರೆ ನಷ್ಟವೇನಿಲ್ಲ.