ದೇಶ್ಯಜ್ಞಾನದ ಅಧ್ಯಯನದಲ್ಲಿ ವಕ್ತೃನಾಮ: ಕುಂದಾಪುರ ಸೀಮೆಯನ್ನು ಕುರಿತು ಒಂದು ವಿಚಾರ

ಕುಂದಾಪುರ ತಾಲೂಕಿನಲ್ಲಿ ಹೆಮ್ಮಾಡಿಯಿಂದ ಕೊಲ್ಲೂರಿಗೆ ಹೋಗುವ ಮಾರ್ಗದ ಮೇಲೆ, ಚಕ್ರಾನದಿಯ ಬಳಿ, ವಂಡ್ಸೆ ಎಂಬ ಗ್ರಾಮವಿರುವುದು. ಇದು ಹೋಬಳಿಯ ಮುಖ್ಯಸ್ಥಳ. ತಾಳೆಗರಿಗಳ ಅನ್ವೇಷಣೆಗೆಂದು ಈ ಕಡೆಯಲ್ಲಿ ನಾನು ಹಲವು ಬಾರಿ ತಿರುಗಿದ್ದುಂಟು. ಆದರೆ ಪ್ರಕೃತ ಲೇಖನಕ್ಕೆ ಕಾರಣವಾದುದು ತಾಳೆಗರಿಯಲ್ಲ, ಅಚ್ಚಾದ ಒಂದು ನಮೂನೆಯ ಹಾಳೆ. ಆನರ್ಸ್ ಪದವಿಗಾಗಿ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿಯು ಅದನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದಿದ್ದಳು. ಆಸಾಡಿ ಅಮಾವಾಸ್ಯೆಯ ಪ್ರಾತಃಕಾಲದಲ್ಲಿ ಈ ಸೀಮೆಯವರು ಕುಡಿಯುವ ಹಾಲೆಕೆತ್ತೆಯ ಕಷಾಯವು ಆಕೆಯ ವರದಿಯ ವಿಷಯ. ಹಾಳೆಯಲ್ಲಿ ಆಕರಗಳನ್ನು ತುಂಬಲು ಗ್ರಂಥಕರ್ತ, ಪ್ರಕಾಶಕರು, ವರ್ಷ ಎಂದು ಮೂರು ಅಂಕಣಗಳಿದ್ದುವು. ಯಾವ ಸಂಸ್ಕೃತಗ್ರಂಥವನ್ನು ಅಲ್ಲಿ ಬರೆಯಬೇಕೆಂದು ಕೇಳುವುದಕ್ಕಾಗಿ ಆಕೆ ಬಂದಿದ್ದಳು.

ಹಾಲೆಮರವೇ ಸಂಸ್ಕೃತದ ಸಪ್ತಪರ್ಣವೆಂದೂ ವೈದ್ಯಗ್ರಂಥಗಳಲ್ಲಿ ಅದರ ಉಲ್ಲೇಖವಿರುವುದೆಂದೂ ತಿಳಿಸಿದೆನು. ಬಳಿಕ ವರದಿಯನ್ನು ಓದಿದಾಗ, ಮರವನ್ನು ಗುರುತಿಸುವ ಕ್ರಮ, ಕೆತ್ತೆಯನ್ನು ತೆಗೆಯುವ ಕ್ರಮ, ಅದಕ್ಕೆ ಕೂಡಿಸುವ ಪದಾರ್ಥಗಳು, ಇವೆಲ್ಲವೂ ವಂಡ್ಸೆಯ ಕಡೆಯ ಒಬ್ಬ ವೃದ್ಧೆಯ ಬಾಯಿಂದ ಬಂದವುಗಳೆಂದು ಗೊತ್ತಾಯಿತು. ಆದರೆ ವರದಿಯಲ್ಲಿ ಆಕೆಯ ಸುಳಿವೇ ಇರಲಿಲ್ಲ. ಎಲ್ಲ ಕಡೆಯಲ್ಲಿಯೂ “ಸ್ಥಳೀಯರ ಪ್ರಕಾರ” ಎಂದಿತ್ತು. ಈ ಎರಡು ಶಬ್ದಗಳು ನಮ್ಮ ಸಂಶೋಧನೆಯೊಳಕ್ಕೆ ಎಲ್ಲಿಂದ ಬಂದವು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವಿದ್ಯಾರ್ಥಿನಿಯನ್ನು ದೂರಿ ಪ್ರಯೋಜನವಿಲ್ಲ. ಕರ್ನಾಟಕದಲ್ಲಿ 2021-22ರಿಂದ ನಾಲ್ಕು ವರ್ಷಗಳ ಆನರ್ಸ್ ಕ್ರಮವು ಆರಂಭವಾಯಿತು. 2024-25ರಿಂದ ಹೊಸದಾಗಿ ಸೇರುವವರಿಗೆ ಪುನಃ ಮೂರು ವರ್ಷಗಳ ಪದವಿಯೇ ಗೊತ್ತಾಯಿತು. ಇದರ ನಡುವೆ, 2023ರಲ್ಲಿ, ಭಾರತೀಯ ಜ್ಞಾನಪರಂಪರೆಯ ವಿಷಯಗಳಿಗೆ ಪದವಿಯ ಒಟ್ಟು ಕ್ರೆಡಿಟ್ಟುಗಳಲ್ಲಿ ಶೇಕಡಾ 5ರಷ್ಟಾದರೂ ಸಲ್ಲಬೇಕೆಂದು ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಮಾರ್ಗಸೂಚಿಯನ್ನು ಹೊರಡಿಸಿತು. ಸಂಸ್ಕೃತ ಪಾಠಶಾಲೆಗಳಲ್ಲಿ ಬೆಳೆದ ನಮ್ಮಂಥವರು ಇದರಿಂದ ಸಂತೋಷಪಟ್ಟುದು ಸಹಜ. ಆದರೆ ಜ್ಞಾನಪರಂಪರೆಯೆಂದೊಡನೆ ಅದು ನಮ್ಮ ಕಪಾಟಿನಲ್ಲಿರುವುದೆಂದೇ ನಾವು ತಿಳಿದೆವು. ವಿದ್ಯಾರ್ಥಿನಿಯು ವಂಡ್ಸೆಯಲ್ಲಿ ಕೇಳಿದುದಕ್ಕೆ ಪ್ರಮಾಣವನ್ನು ಹುಡುಕಿ ನನ್ನ ಮನೆಗೆ ಬಂದುದರಲ್ಲಿ ಈ ತಪ್ಪು ತಿಳಿವಳಿಕೆಯ ಫಲವೇ ಕಾಣುತ್ತದೆ.

1799ರಲ್ಲಿ ಟಿಪ್ಪುಸುಲ್ತಾನನು ಮಡಿದ ಬಳಿಕ ಕೆನರಾ ಸೀಮೆಯು ಇಂಗ್ಲಿಷ್ ಕಂಪೆನಿಯ ವಶವಾಯಿತು. ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ ದೇಶಸ್ಥಿತಿಯನ್ನು ಪರೀಕ್ಷಿಸಲು ಹೊರಟ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು 1801ರ ಆದಿಭಾಗದಲ್ಲಿ ಕುಂದಾಪುರ, ಬೈಂದೂರುಗಳನ್ನು ಹಾದು ಉತ್ತರಾಭಿಮುಖನಾಗಿ ನಡೆದನು. ಅವನ ಪ್ರವಾಸಗ್ರಂಥವು 1807ರಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಕೆನರಾ ಸೀಮೆಯ ಗದ್ದೆಗಳ ಬೈಲು, ಮಜಲು, ಬೆಟ್ಟು ಎಂಬ ವಿಭಾಗವು ಆ ಗ್ರಂಥದಲ್ಲಿ ದಾಖಲಾಗಿದೆ. ಇವು ಬರಿಯ ಹೆಸರುಗಳಲ್ಲ. ತಗ್ಗಿನಲ್ಲಿ ನೀರು ನಿಲ್ಲುವ ನೆಲ, ತೋಡು ಕೆರೆಗಳ ನೀರನ್ನು ಸ್ವಲ್ಪಕಾಲ ಪಡೆಯುವ ನಡುನೆಲ, ಮಳೆಯನ್ನೇ ನಂಬಿದ ಎತ್ತರದ ನೆಲ, ಇವುಗಳಲ್ಲಿ ಒಂದೊಂದಕ್ಕೂ ಎಷ್ಟು ಬೆಳೆ, ಯಾವ ಬೀಜ, ಎಂದಿಗೆ ಬಿತ್ತನೆ ಎಂಬ ನಿರ್ಣಯವೆಲ್ಲ ಆ ಮೂರು ಶಬ್ದಗಳಲ್ಲಿ ಅಡಗಿದೆ. ಕಂದಾಯದ ಲೆಕ್ಕದಲ್ಲಿಯೂ ಇವೇ ಶಬ್ದಗಳು ನಡೆದುಕೊಂಡು ಬಂದವು. ಶಬ್ದವು ಉಳಿಯಿತು. ಹೇಳಿದ ಒಕ್ಕಲಿಗನಾದರೋ ಹೆಚ್ಚಿನೆಡೆಗಳಲ್ಲಿ “ಇಲ್ಲಿಯ ಜನ” ಎಂಬುದರಲ್ಲಿ ಲೀನನಾದನು. ಬುಕಾನನನಿಗೆ ಬೇಕಾಗಿದ್ದುದು ದೇಶದ ಉತ್ಪತ್ತಿಯ ಅಂದಾಜು. ಆ ಕಾರ್ಯಕ್ಕೆ ವಕ್ತೃವಿನ ಹೆಸರು ಅನಾವಶ್ಯಕವಾಗಿತ್ತು.

ನೂರು ವರ್ಷಗಳ ತರುವಾಯ ಈ ಪದ್ಧತಿಯು ಶಾಸ್ತ್ರದ ರೂಪವನ್ನೇ ತಾಳಿತು. ಎಡ್ಗರ್ ಥರ್ಸ್ಟನ್ನನು ರಂಗಾಚಾರಿಯವರ ಸಹಾಯದಿಂದ ದಕ್ಷಿಣ ಹಿಂದೂಸ್ಥಾನದ ಜಾತಿ ಬುಡಕಟ್ಟುಗಳನ್ನು ಕುರಿತು 1909ರಲ್ಲಿ ಏಳು ಸಂಪುಟಗಳನ್ನು ಪ್ರಕಟಿಸಿದನು. ಅಲ್ಲಿ ಅಕಾರಾದಿಯಾಗಿ ಜಾತಿಗಳಿವೆ. ತಿಳಿದವನು ಒಬ್ಬ ವ್ಯಕ್ತಿಯಲ್ಲ. ಜಾತಿಯೇ ತಿಳಿಯುತ್ತದೆ, ಜಾತಿಯೇ ಮಾಡುತ್ತದೆ, ಜಾತಿಯೇ ನಂಬುತ್ತದೆ. ಕೊರಗರ ಪ್ರಕರಣವನ್ನು ಓದಿದರೆ ಇದು ಸ್ಪಷ್ಟವಾಗುವುದು. ಕಾಡಿನ ಬಿಳಲಿನಿಂದ ಬುಟ್ಟಿ ಹೆಣೆಯುವ ಆ ಜನರಲ್ಲಿ ಯಾವ ಬಳ್ಳಿ ಎಷ್ಟು ಬಲಿತಾಗ ಬಾಗುವುದೆಂಬ ತಿಳಿವು ಕೈಯಿಂದ ಕೈಗೆ ಬಂದಿದೆ. ಹೊರಗಿನವರು ಬರೆದಿಟ್ಟುದಾದರೋ ಬಹುಮಟ್ಟಿಗೆ ಅವರ ಮೇಲೆ ಇತರರು ಹೇರಿದ ಹೀನಾಯಗಳನ್ನು. ಅಂಥ ಹೇರಿಕೆಯಲ್ಲೊಂದಾದ ಅಜಲು ಪದ್ಧತಿಯನ್ನು ಕರ್ನಾಟಕವು 2000ದ ಅಧಿನಿಯಮದಿಂದ ನಿಷೇಧಿಸಿತು. ಡಿ. ಎನ್. ಶಂಕರ ಭಟ್ಟರು 1971ರಲ್ಲಿ ಕೊರಗ ಭಾಷೆಯ ವಿವರಣೆಯನ್ನು ಪ್ರಕಟಿಸಿ, ಅದಕ್ಕೂ ವ್ಯಾಕರಣವುಂಟೆಂದು ವಿದ್ವಲ್ಲೋಕಕ್ಕೆ ತೋರಿಸಿಕೊಟ್ಟರು.

ಯುರೋಪಿಯನ್ನರೆಲ್ಲರೂ ಹೀಗೆಯೇ ನಡೆದುಕೊಂಡರೆಂದು ಹೇಳಲಾಗದು. ಥರ್ಸ್ಟನ್ನನಿಗಿಂತ ಎರಡು ಶತಮಾನಗಳಿಗೂ ಹಿಂದೆ, ಇದೇ ಪಶ್ಚಿಮ ಸಮುದ್ರತೀರದ ಕೊಚ್ಚಿಯಲ್ಲಿ, ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡನು ಗಿಡಮೂಲಿಕೆಗಳ ಮಹಾಗ್ರಂಥವೊಂದನ್ನು ಮಾಡಿಸಿದನು. 1678ರಿಂದ 1693ರ ವರೆಗೆ ಹನ್ನೆರಡು ಸಂಪುಟಗಳಲ್ಲಿ ಆಂಸ್ಟರ್‌ಡಾಮಿನಲ್ಲಿ ಹೊರಬಿದ್ದ ‘ಹೋರ್ತುಸ್ ಮಲಬಾರಿಕುಸ್’ ಎಂಬ ಆ ಗ್ರಂಥದ ಮೊದಲ ಸಂಪುಟದಲ್ಲಿ, ಗಿಡಗಳ ವಿಷಯವನ್ನು ಹೇಳಿಕೊಟ್ಟ ಇಟ್ಟಿ ಅಚ್ಯುದನ್ ಎಂಬ ಈಳವ ವೈದ್ಯನ ಹೇಳಿಕೆಯೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರ ಹೇಳಿಕೆಯೂ ಅವರವರ ಲಿಪಿಯಲ್ಲಿಯೇ ಅಚ್ಚಾಗಿವೆ. ಶಾಸ್ತ್ರ ಓದಿದವರ ಪಕ್ಕದಲ್ಲಿಯೇ ಆ ವೈದ್ಯನಿಗೂ ಸಾಕ್ಷಿಯ ಸ್ಥಾನವು ದೊರೆತಿತ್ತು. ಆದುದರಿಂದ ಹೆಸರನ್ನು ಬಿಡುವುದು ಅಚ್ಚಿನ ಗ್ರಂಥಕ್ಕೆ ಅನಿವಾರ್ಯವಾಗಿರಲಿಲ್ಲ. ಅದು ಆಮೇಲೆ ಬೆಳೆದ ರೂಢಿ.

ಇನ್ನು ನಮ್ಮ ಶಾಸ್ತ್ರಗಳೇನು ಹೇಳುತ್ತವೆಂದು ನೋಡೋಣ. ಮಂತ್ರವನ್ನು ಹೇಳುವುದಕ್ಕೆ ಮೊದಲು ಅದರ ಋಷಿ, ಛಂದಸ್ಸು, ದೇವತೆಗಳನ್ನು ತಿಳಿದಿರಬೇಕೆಂದೂ, ತಿಳಿಯದೆ ಅಧ್ಯಾಪನ ಮಾಡಿದವನಿಗೆ ದೋಷವೆಂದೂ ಕಾತ್ಯಾಯನರ ಸರ್ವಾನುಕ್ರಮಣಿಯ ಸಂಪ್ರದಾಯವುಂಟು. ಬಾಲ್ಯದಲ್ಲಿ ಇದನ್ನು ಉರುಹೊಡೆದೆವು. ಅದರ ಅರ್ಥವನ್ನು ಆಗ ಯೋಚಿಸಲಿಲ್ಲ. ಮೊದಲು ಋಷಿ, ಎಂದರೆ ಯಾರಿಗೆ ಕಂಡಿತು ಎಂಬುದು. ವೇದವು ಅಪೌರುಷೇಯವೆಂದು ಸಾಧಿಸುವವರು ಸಹ ಕಂಡವನ ಹೆಸರನ್ನು ಬಿಟ್ಟುಕೊಡಲಿಲ್ಲ. ಇದಕ್ಕಿಂತಲೂ ಕವಷ ಐಲೂಷನ ಕಥೆಯು ಗಮನಾರ್ಹವಾದುದು. ಐತರೇಯ ಬ್ರಾಹ್ಮಣದಲ್ಲಿ ಹೇಳಿರುವಂತೆ, ಸರಸ್ವತೀತೀರದಲ್ಲಿ ಸತ್ರವನ್ನು ಮಾಡುತ್ತಿದ್ದ ಋಷಿಗಳು ಅವನನ್ನು ದಾಸಿಯ ಮಗನೆಂದೂ ಜೂಜುಗಾರನೆಂದೂ ಹಳಿದು, ನೀರಿಲ್ಲದ ಮರಳುಗಾಡಿಗೆ ಹೊರದೂಡಿದರು. ಅಲ್ಲಿ ಬಾಯಾರಿದವನಿಗೆ ಜಲದೇವತಾಕವಾದ ಸೂಕ್ತವು ಕಂಡಿತು. ನದಿಯೇ ಅವನನ್ನು ಸುತ್ತುವರಿದು ಹರಿಯಿತು. ಅಟ್ಟಿದವರೇ ಬಂದು ಅವನನ್ನು ಕರೆದುಕೊಂಡು ಹೋದರು. ಹತ್ತನೆಯ ಮಂಡಲದ ಆ ಸೂಕ್ತಕ್ಕೆ ಇಂದಿಗೂ ಕವಷ ಐಲೂಷನೇ ಋಷಿ. ಅನುಕ್ರಮಣಿಕಾರನು ಅಲ್ಲಿ “ಸ್ಥಳೀಯರ ಪ್ರಕಾರ” ಎಂದು ಬರೆಯಲಿಲ್ಲ.

ಮೀಮಾಂಸಕರು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಪೂರ್ವಮೀಮಾಂಸೆಯ ಮೊದಲನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಪಿಕನೇಮಾಧಿಕರಣವೆಂಬುದುಂಟು. ವೇದದಲ್ಲಿ ಪಿಕ, ನೇಮ, ಸತ, ತಾಮರಸ ಎಂಬ ಶಬ್ದಗಳು ಬರುತ್ತವೆ. ಆರ್ಯರಲ್ಲಿ ಅವುಗಳ ಪ್ರಯೋಗವಿಲ್ಲ, ಮ್ಲೇಚ್ಛರಲ್ಲುಂಟು. ಹಾಗಾದರೆ ನಿರುಕ್ತ ವ್ಯಾಕರಣಗಳ ಬಲದಿಂದ ಒಂದು ಅರ್ಥವನ್ನು ನಾವೇ ಕಲ್ಪಿಸಿಕೊಳ್ಳಬೇಕೋ, ಮ್ಲೇಚ್ಛರು ಹೇಳುವ ಅರ್ಥವನ್ನು ಸ್ವೀಕರಿಸಬೇಕೋ ಎಂಬುದು ಸಂಶಯ. ಪ್ರಮಾಣವಿರೋಧವಿಲ್ಲದಿರುವಾಗ ಅವರ ಅರ್ಥವನ್ನೇ ಸ್ವೀಕರಿಸಬೇಕೆಂದು ಸಿದ್ಧಾಂತ. ಶಬರಸ್ವಾಮಿಯು ಕೊಡುವ ಕಾರಣವಂತೂ ಚಿಂತನೀಯವಾಗಿದೆ: ಹಕ್ಕಿಗಳನ್ನು ಹಿಡಿಯುವುದರಲ್ಲಿಯೂ ಸಾಕುವುದರಲ್ಲಿಯೂ ಮ್ಲೇಚ್ಛರೇ ಹೆಚ್ಚು ನಿಪುಣರು ಎಂದು. ಅಂದರೆ ಯಾವ ವಿಷಯದಲ್ಲಿ ಯಾರು ಕೈಯಾಡಿಸಿ ಬಲ್ಲರೋ ಆ ವಿಷಯದಲ್ಲಿ ಅವರ ಮಾತು ಪ್ರಮಾಣ. ಅವರನ್ನು ಮ್ಲೇಚ್ಛರೆಂದು ಕರೆದ ಭಾಷೆ ನಮಗಿಂದು ಒಪ್ಪಿಗೆಯಾಗದು, ಒಪ್ಪಿಗೆಯಾಗಲೂ ಬಾರದು. ಆದರೆ ಹಾಗೆ ಕರೆದವರಿಗೂ ಆ ಜನರ ಪ್ರಾಮಾಣ್ಯವನ್ನು ನಿರಾಕರಿಸುವುದು ಸಾಧ್ಯವಾಗಲಿಲ್ಲ.

ಚರಕಸಂಹಿತೆಯ ಪ್ರಥಮಾಧ್ಯಾಯದಲ್ಲಿಯೂ ಆಡು ಕುರಿ ಮೇಯಿಸುವವರೂ ಗೋಪಾಲರೂ ಇತರ ವನವಾಸಿಗಳೂ ಓಷಧಿಗಳನ್ನು ನಾಮರೂಪಗಳಿಂದ ಬಲ್ಲರೆಂದು ಹೇಳಿದೆ. ಒಡನೆಯೇ, ನಾಮರೂಪಜ್ಞಾನ ಮಾತ್ರದಿಂದ ಸಾಲದು, ಪ್ರಯೋಗವನ್ನು ಬಲ್ಲವನೇ ತತ್ತ್ವವಿದನೆಂದು ವೈದ್ಯನ ಸ್ಥಾನವನ್ನು ಮೇಲಕ್ಕೆತ್ತಿದೆ. ಈ ಎರಡನೆಯ ಮಾತನ್ನು ನಮ್ಮವರು ಬಹಳವಾಗಿ ಎತ್ತಿ ಹೇಳುತ್ತಾರೆ, ಮೊದಲನೆಯದನ್ನು ಮರೆಯುತ್ತಾರೆ. ಗೋಪಾಲರು ಬಲ್ಲರೆಂದು ಒಪ್ಪಿದ ಚರಕನಾದರೂ ಒಬ್ಬ ಗೋಪಾಲನ ಹೆಸರನ್ನೂ ಹೇಳಲಿಲ್ಲ. ನಮ್ಮ ಪರಂಪರೆಯಲ್ಲಿಯೂ “ಸ್ಥಳೀಯರ ಪ್ರಕಾರ”ಕ್ಕೆ ಬೀಜವಿದ್ದಿತೆಂಬುದನ್ನು ಮುಚ್ಚಿಡುವುದು ತರವಲ್ಲ.

ಇದು ಗ್ರಂಥದೊಳಗಣ ಚರ್ಚೆ ಮಾತ್ರವಾಗಿ ಉಳಿದಿಲ್ಲ. 2002ರ ಜೈವಿಕ ವೈವಿಧ್ಯ ಅಧಿನಿಯಮವೂ 2004ರ ನಿಯಮಗಳೂ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಸಮಿತಿಯನ್ನು ರಚಿಸಿ, ಊರ ಜನರನ್ನು ವಿಚಾರಿಸಿ, ಅಲ್ಲಿನ ಜೀವಸಂಪತ್ತನ್ನೂ ಅದನ್ನು ಕುರಿತ ತಿಳಿವನ್ನೂ ದಾಖಲೆಪುಸ್ತಕದಲ್ಲಿ ಬರೆಯಬೇಕೆಂದು ವಿಧಿಸಿದವು. ಆ ತಿಳಿವಿನಿಂದ ಲಾಭ ಪಡೆಯುವವರು ಲಾಭಾಂಶವನ್ನು ಹಂಚಬೇಕೆಂಬುದೂ ಅಧಿನಿಯಮದ ಉದ್ದೇಶ. 2023ರ ತಿದ್ದುಪಡಿಯಾದರೋ “ಕ್ರೋಡೀಕೃತ ಸಾಂಪ್ರದಾಯಿಕ ಜ್ಞಾನ”ವನ್ನು ಈ ಹಂಚಿಕೆಯ ಕಟ್ಟಿನಿಂದ ಬಿಡಿಸಿತು. ಕ್ರೋಡೀಕೃತವೆಂದರೆ 1940ರ ಔಷಧ ಅಧಿನಿಯಮದ ಮೊದಲನೆಯ ಅನುಸೂಚಿಯಲ್ಲಿ ಹೆಸರಿಸಿದ ಗ್ರಂಥಗಳಿಂದ ಬಂದುದು. ಅವುಗಳಲ್ಲಿ ಚರಕಸಂಹಿತೆಯೂ ಒಂದು. ಇದರಿಂದ ಆಗುವುದೇನೆಂದರೆ, ವನವಾಸಿಗಳು ಓಷಧಿಗಳನ್ನು ಬಲ್ಲರೆಂದ ಗ್ರಂಥಕ್ಕೆ ಸೇರಿದುದರಲ್ಲಿ ವನವಾಸಿಗೆ ಪಾಲಿಲ್ಲ. ಬರೆದಿಟ್ಟುದರಿಂದ ರಕ್ಷಣೆಯೂ ದೊರೆತಿದೆಯೆಂಬುದು ನಿಜ. ಗಾಯಕ್ಕೆ ಅರಸಿನವನ್ನು ಬಳಸುವುದರ ಮೇಲೆ 1995ರಲ್ಲಿ ಅಮೆರಿಕೆಯಲ್ಲಿ ಕೊಟ್ಟಿದ್ದ ಪೇಟೆಂಟು 1997ರಲ್ಲಿ ರದ್ದಾದುದು ನಮ್ಮ ಹಳೆಯ ಗ್ರಂಥಗಳನ್ನು ಸಾಕ್ಷಿಯಾಗಿ ತೋರಿಸಿದ್ದರಿಂದಲೇ. ಆದರೆ ವಂಡ್ಸೆಯ ವೃದ್ಧೆಯ ಮಾತು ಯಾವ ಅನುಸೂಚಿಯಲ್ಲಿಯೂ ಇಲ್ಲ. ಅದು ಆಕೆಯದೆಂಬುದಕ್ಕೆ ವಿದ್ಯಾರ್ಥಿನಿಯ ವರದಿಯೊಂದೇ ಲೇಖ್ಯವಾಗಬಹುದಿತ್ತು.

ನಮ್ಮ ಕರಾವಳಿಯಲ್ಲಿ ಸರಿಯಾದ ಮಾದರಿಗಳು ಇಲ್ಲದಿಲ್ಲ. ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೊಡನೆ 1998ರಲ್ಲಿ ಪ್ರಕಟಿಸಿದ ತುಳುವಿನ ಸಿರಿ ಕಾವ್ಯವು 15,683 ಸಾಲುಗಳುಳ್ಳದ್ದು. ಹಾಡಿದ ಗೋಪಾಲ ನಾಯ್ಕರ ಹೆಸರು ಗ್ರಂಥದ ಶೀರ್ಷಿಕೆಯಲ್ಲಿಯೇ ಇದೆ. ಬಡಗುತಿಟ್ಟಿನ ಯಕ್ಷಗಾನವನ್ನು ಕುರಿತು 1977ರಲ್ಲಿ ಗ್ರಂಥವನ್ನು ಪ್ರಕಟಿಸಿದ ಅಮೆರಿಕೆಯ ಮಾರ್ತಾ ಆಶ್ಟನ್ ಅವರು ಮದ್ದಳೆಯ ಹಿರಿಯಡ್ಕ ಗೋಪಾಲರಾಯರಲ್ಲಿ ಶಿಷ್ಯವೃತ್ತಿಯಿಂದ ಕಲಿತರು. ಗುರುವೆಂದ ಮೇಲೆ ಹೆಸರನ್ನು ಹೇಳದೆ ಇರಲಾಗುವುದಿಲ್ಲ. ಇವರು “ಮಾಹಿತಿದಾರ”ರೆಂಬ ಕಛೇರಿಯ ಶಬ್ದದಿಂದ ಪಾರಾದುದು ನನಗೆ ವಿಶೇಷವಾಗಿ ತೋರುತ್ತದೆ.

ಇಷ್ಟೆಲ್ಲವನ್ನೂ ವಿದ್ಯಾರ್ಥಿನಿಗೆ ವಿಸ್ತಾರವಾಗಿ ಹೇಳಿ, ನಮ್ಮ ಹಳೆಯ ಗ್ರಂಥಸೂಚಿಗಳಲ್ಲಿ ಬರೆಯುವ ಅಜ್ಞಾತಕರ್ತೃಕವೆಂಬ ಮಾತು ಇಲ್ಲಿ ಸಲ್ಲದೆಂದೂ, ಇದು ಅನುಕ್ತಕರ್ತೃಕ ಮಾತ್ರವೆಂದೂ ಉಪದೇಶಿಸಿ, ಹೆಸರನ್ನು ಬರೆಯಲೇಬೇಕೆಂದು ಒತ್ತಾಯಿಸಿದೆನು. ಬಳಿಕ ಆಕೆಯೊಡನೆ ನಾನೂ ವಂಡ್ಸೆಗೆ ಹೋದೆನು.

ವೃದ್ಧೆಯು ಅಂಗಳದಲ್ಲಿ ಕುಳಿತು ಹಾಲೆಮರದ ಲಕ್ಷಣಗಳನ್ನು ಮತ್ತೊಮ್ಮೆ ಹೇಳಿದಳು. ಒಂದೇ ಗಂಟಿನಿಂದ ಸುತ್ತಲೂ ಏಳೆಂಟು ಎಲೆಗಳು, ಗಾಯ ಮಾಡಿದರೆ ಬಿಳಿಯ ಹಾಲು. ಕಾಸರಕದಲ್ಲಿ ಎಲೆಗಳು ಎದುರುಬದುರು, ಹಾಲಿಲ್ಲ, ಅದು ವಿಷ. ಅಮಾವಾಸ್ಯೆಯ ಕತ್ತಲೆಯಲ್ಲಿ ಕೈತಪ್ಪಬಾರದೆಂದು ಮುನ್ನಾದಿನ ಹಗಲಿನಲ್ಲಿಯೇ ಮರವನ್ನು ನೋಡಿ ಗುರುತು ಮಾಡಿ ಬರಬೇಕು. ಸಪ್ತಪರ್ಣಕ್ಕೆ ಪರ್ಯಾಯನಾಮಗಳನ್ನು ನಾನು ಒಂದೇ ಉಸುರಿನಲ್ಲಿ ಹೇಳಬಲ್ಲೆನು. ಆದರೆ ಕತ್ತಲೆಯಲ್ಲಿ ಎರಡು ಮರಗಳ ನಡುವೆ ನನ್ನನ್ನು ನಿಲ್ಲಿಸಿದ್ದರೆ ಮನೆಯವರ ಗತಿಯೇನಾಗುತ್ತಿತ್ತೋ!

ಹೆಸರನ್ನು ಬರೆಯುವೆವೆಂದು ಹೇಳಿದಾಗ ಆಕೆ ತಲೆಯಾಡಿಸಿದಳು: “ಕಾಣಿ ಭಟ್ರೆ, ನನ್ನ್ ಹೆಸ್ರ್ ಬ್ಯಾಡ. ನಮ್ಮ್ ಅತ್ತಿ ಹೇಳ್ಕೊಟ್ದ್. ಬರೂದಾರೆ ಅವ್ರ್ ಹೆಸ್ರ್ ಬರಿನಿ.”

ನನ್ನ ಉಪದೇಶದಲ್ಲಿ ಈ ಉತ್ತರಕ್ಕೆ ಸ್ಥಳವಿರಲಿಲ್ಲ. ತಿಳಿದವರಿಗೆ ಹೆಸರು ಸಲ್ಲಬೇಕೆಂದು ಕವಷನನ್ನೂ ಶಬರನನ್ನೂ ಕರೆತಂದಿದ್ದ ನಾನು, ಯಾರ ಹೆಸರೆಂಬುದನ್ನು ನಿರ್ಣಯಿಸುವ ಅಧಿಕಾರವೂ ಆಕೆಯದೇ ಎಂಬುದನ್ನು ಯೋಚಿಸಿರಲಿಲ್ಲ. ಬೃಹದಾರಣ್ಯಕದ ಕೊನೆಯ ವಂಶಬ್ರಾಹ್ಮಣವು ದಾರಿಯಲ್ಲಿ ನೆನಪಿಗೆ ಬಂದಿತು. ಅಲ್ಲಿ ಆಚಾರ್ಯಪರಂಪರೆಯಲ್ಲಿ ಹೆಚ್ಚಿನವರು ತಾಯಂದಿರ ಹೆಸರಿನಿಂದ, ಇಂಥವಳ ಮಗನು ಇಂಥವಳ ಮಗನಿಂದ ಪಡೆದನೆಂದು, ಸಾಲುಗಟ್ಟಿ ನಿಂತಿದ್ದಾರೆ. ಸೊಸೆಯು ಅತ್ತೆಯಿಂದ ಪಡೆದ ವಂಶವನ್ನು ಯಾವ ಬ್ರಾಹ್ಮಣವೂ ಬರೆದಂತಿಲ್ಲ.

ವಿದ್ಯಾರ್ಥಿನಿಯು ಹಾಳೆಯಲ್ಲಿ ಗ್ರಂಥಕರ್ತ ಎಂಬಲ್ಲಿ ಆ ಅತ್ತೆಯ ಹೆಸರನ್ನು ಬರೆದು, ಅದರ ಕೆಳಗೆ “ಸೊಸೆಯ ಮುಖದಿಂದ” ಎಂದು ಸೇರಿಸಿದಳು. ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ವೃದ್ಧೆಯು ಒಪ್ಪಿದುದು ಆ ವರದಿಗೆ ಮಾತ್ರ, ಈ ಪತ್ರಿಕೆಗೆ ಅಲ್ಲ. ವರ್ಷವೆಂಬಲ್ಲಿ ನಾವು ಕೇಳಿದ ದಿನವನ್ನು ಹಾಕಿದಳು. ಪ್ರಕಾಶಕರೆಂಬ ಅಂಕಣವು ಅಪೂರ್ಣವೆಂದು ವರದಿಯು ಒಮ್ಮೆ ಹಿಂದಕ್ಕೆ ಬಂದಿತಂತೆ. ಆಕೆ ಅದನ್ನು ಹಾಗೆಯೇ ಬರಿದಾಗಿ ಬಿಟ್ಟು ಪುನಃ ಒಪ್ಪಿಸಿದಳು.