ಹರಾಜುಕು ಬೀದಿ ಫ್ಯಾಷನ್ ಮತ್ತು ಟೋಕಿಯೋದ ಹಳೆಬಟ್ಟೆ ಪೇಟೆಗಳು

ಜಪಾನಿನ ರಾಜಧಾನಿ ಟೋಕಿಯೋದ ಶಿಬುಯಾ ವಾರ್ಡಿನಲ್ಲಿರುವ ಹರಾಜುಕು ಪ್ರದೇಶದಲ್ಲಿ 1970ರ ದಶಕದಿಂದ ಯುವಜನರೇ ರೂಪಿಸಿಕೊಂಡು ಬಂದ ಉಡುಗೆಯ ಪರಂಪರೆಗೆ ಹರಾಜುಕು ಬೀದಿ ಫ್ಯಾಷನ್ ಎಂದು ಹೆಸರು. ದೊಡ್ಡ ಸಂಸ್ಥೆಗಳು ಋತುವಿಗೊಮ್ಮೆ ಮಾರುಕಟ್ಟೆಗೆ ಬಿಡುವ ಉಡುಪನ್ನು ಇದ್ದ ಹಾಗೆ ತೊಡದೆ, ಅಗ್ಗದ ಹಳೆಬಟ್ಟೆ, ಮನೆಯಲ್ಲೇ ಹೊಲಿದ ಬಟ್ಟೆ, ಒಂದೋ ಎರಡೋ ದುಬಾರಿ ಉಡುಪು ಇವನ್ನೆಲ್ಲ ಬೆರೆಸಿ ತೊಡುವುದು ಇದರ ಮುಖ್ಯ ಲಕ್ಷಣ. ಹಾಗಾಗಿ ಇದರ ಇತಿಹಾಸ ಜಪಾನಿನಲ್ಲಿ ‘ಫುರುಗಿ’ ಎಂದು ಕರೆಯುವ ಹಳೆಬಟ್ಟೆ ವ್ಯಾಪಾರದ ಇತಿಹಾಸದೊಂದಿಗೆ ಹೆಣೆದುಕೊಂಡಿದೆ. ಹಳೆಬಟ್ಟೆಗಾಗಿಯೇ ಟೋಕಿಯೋ ಸುತ್ತುವ ಪ್ರವಾಸಿಗರು ಇಂದು ಮುಖ್ಯವಾಗಿ ಹೋಗುವುದು ಹರಾಜುಕು, ಶಿಮೊಕಿತಜಾವ ಮತ್ತು ಕೊಯೆಂಜಿಗೆ.

ಹಿನ್ನೆಲೆ

ಬಳಸಿದ ಬಟ್ಟೆ ಕೊಳ್ಳುವುದು ಜಪಾನಿಗರಿಗೆ ಹೊಸತಲ್ಲ. ಎದೊ ಕಾಲದಲ್ಲಿ (1603–1868) ಬಟ್ಟೆ ದುಬಾರಿಯಾಗಿತ್ತು; ನಗರದ ಸಾಮಾನ್ಯ ಜನ ಬಹುಮಟ್ಟಿಗೆ ಹಳೆಯದನ್ನೇ ಕೊಂಡು ಉಡುತ್ತಿದ್ದರು. ಕಿಮೊನೊವನ್ನು ನೇರ ಪಟ್ಟಿಗಳಿಂದ ಹೊಲಿಯುವುದರಿಂದ ಹೊಲಿಗೆ ಬಿಚ್ಚಿ, ಒಗೆದು, ಮತ್ತೆ ಜೋಡಿಸುವುದು ಸುಲಭ. ಇಂದಿನ ಟೋಕಿಯೋದ ಕಾಂದಾ ನದಿಯ ಯಾನಗಿಹಾರಾ ದಂಡೆಯೂ ನಿಹೊಂಬಾಶಿಯ ತೊಮಿಜಾವಾಚೊ ಕೇರಿಯೂ ಹಳೆಬಟ್ಟೆ ಸಂತೆಗೆ ಹೆಸರಾಗಿದ್ದವು.

1945ರಲ್ಲಿ ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಸೋತ ನಂತರ ಉಎನೊ ನಿಲ್ದಾಣದ ಬಳಿ ಕಾಳಸಂತೆಯಾಗಿ ಹುಟ್ಟಿದ ಅಮೆಯೊಕೊ ಪೇಟೆಯಲ್ಲಿ ಅಮೆರಿಕನ್ ಸೈನಿಕರ ಜಾಕೆಟ್, ಜೀನ್ಸ್‌ಗಳು ಮಾರಾಟಕ್ಕೆ ಬಂದವು. ಕದ್ದ ಮಾಲು ಸೇರದಂತೆ ತಡೆಯಲು 1949ರಲ್ಲಿ ಹಳೆವಸ್ತು ವ್ಯಾಪಾರದ ಕಾನೂನು ಜಾರಿಯಾಯಿತು. ಅಂಗಡಿಗೆ ಪರವಾನಗಿ ಬೇಕು, ಹಳೆಯ ಮಾಲು ತಂದು ಮಾರುವವರ ಗುರುತನ್ನು ದಾಖಲಿಸಬೇಕು ಎಂಬ ಈ ವ್ಯವಸ್ಥೆ ಈಗಲೂ ಇದೆ.

ಸೇನಾ ವಸತಿಯಿಂದ ಫ್ಯಾಷನ್ ಪೇಟೆಗೆ

1920ರಲ್ಲಿ ಮೇಜಿ ದೇಗುಲ ಸ್ಥಾಪನೆಯಾದಾಗ ಅದಕ್ಕೆ ಹೋಗುವ ರಾಜಬೀದಿಯಾಗಿ ಒಮೊತೆಸಾಂದೊ ರಸ್ತೆ ನಿರ್ಮಾಣವಾಯಿತು. ಯುದ್ಧದ ನಂತರ ದೇಗುಲದ ಪಕ್ಕದ ಕವಾಯತು ಮೈದಾನದಲ್ಲಿ ಅಮೆರಿಕನ್ ಸೇನಾ ಕುಟುಂಬಗಳಿಗಾಗಿ ವಾಷಿಂಗ್ಟನ್ ಹೈಟ್ಸ್ ಎಂಬ ಬಡಾವಣೆ ತಲೆಯೆತ್ತಿತು. ಅಲ್ಲಿನವರಿಗೆ ಆಟಿಕೆ, ಕಲಾವಸ್ತು ಮಾರುವ ಅಂಗಡಿಗಳು ಒಮೊತೆಸಾಂದೊದಲ್ಲಿ ತೆರೆದವು. 1964ರ ಒಲಿಂಪಿಕ್ಸ್‌ಗಾಗಿ ಈ ಜಾಗ ಜಪಾನಿಗೆ ಮರಳಿತು. ಮೊದಲು ಕ್ರೀಡಾಗ್ರಾಮವಾಗಿದ್ದು, 1967ರಲ್ಲಿ ಯೊಯೊಗಿ ಉದ್ಯಾನವಾಗಿ ತೆರೆಯಿತು. 1965ರಲ್ಲಿ ವಿಳಾಸಗಳನ್ನು ಬದಲಿಸಿದಾಗ ಹರಾಜುಕು ಎಂಬ ಹೆಸರು ಕಡತದಿಂದ ಹೋಗಿ ಜಿಂಗುಮಾಯೆ ಬಂದಿತು. ಹಳೆಯ ಹೆಸರು ಉಳಿದದ್ದು ರೈಲು ನಿಲ್ದಾಣದಲ್ಲಿ ಮತ್ತು ಜನರ ಬಾಯಲ್ಲಿ.

ಆಗಿನ್ನೂ ಯುವ ಫ್ಯಾಷನ್ನಿನ ಕೇಂದ್ರ ಹರಾಜುಕು ಆಗಿರಲಿಲ್ಲ, ಗಿಂಜಾ ಆಗಿತ್ತು. 1964ರ ಬೇಸಿಗೆಯಲ್ಲಿ ‘ಮಿಯುಕಿ ಗುಂಪು’ ಎಂದು ಹೆಸರಾದ ಹುಡುಗರು ಅಮೆರಿಕನ್ ಕಾಲೇಜು ವಿದ್ಯಾರ್ಥಿಗಳ ಮಾದರಿಯಲ್ಲಿ ಗಿಡ್ಡ ಪ್ಯಾಂಟು, ಮದರಾಸು ಚೌಕುಳಿ ಅಂಗಿ ತೊಟ್ಟು ಗಿಂಜಾದ ಮಿಯುಕಿ ಬೀದಿಯಲ್ಲಿ ಗುಂಪುಗೂಡುತ್ತಿದ್ದರು. ದಕ್ಷಿಣ ಭಾರತದ ಮದರಾಸಿನಿಂದ ಹೆಸರು ಪಡೆದ ಬಟ್ಟೆ ಹೀಗೆ ಅಮೆರಿಕ ಸುತ್ತಿ ಟೋಕಿಯೋದ ಬೀದಿಗಿಳಿದಿತ್ತು. ಒಲಿಂಪಿಕ್ಸ್‌ಗೆ ಮುನ್ನ, ಸೆಪ್ಟೆಂಬರಿನಲ್ಲಿ, ಪೊಲೀಸರು ಇವರನ್ನು ಹಿಡಿದು ಬೀದಿ ಖಾಲಿ ಮಾಡಿಸಿದರು. 1970ರಲ್ಲಿ ‘ಆನ್‌ಆನ್’, ಮರುವರ್ಷ ‘ನೊನ್‌ನೊ’ ಪತ್ರಿಕೆಗಳು ಹೊರಬಂದು, ಅವನ್ನು ಕೈಯಲ್ಲಿ ಹಿಡಿದು ಊರೂರು ತಿರುಗುವ ತರುಣಿಯರ ಪೀಳಿಗೆಯೇ ಹುಟ್ಟಿಕೊಂಡಿತು. ಊರು ನೋಡುವುದೂ ಬಟ್ಟೆ ಕೊಳ್ಳುವುದೂ ಒಂದೇ ಪ್ರವಾಸದೊಳಗೆ ಸೇರಿದ್ದು ಈ ಕಾಲದಲ್ಲಿ. 1978ರಲ್ಲಿ ಹರಾಜುಕುವಿನಲ್ಲಿ ಲಾಫೋರೆ ಮಳಿಗೆ ಸಂಕೀರ್ಣ ಆರಂಭವಾಯಿತು.

ಭಾನುವಾರದ ಬೀದಿ

1977ರಿಂದ ಭಾನುವಾರಗಳಂದು ಯೊಯೊಗಿ ಉದ್ಯಾನದ ಬದಿಯ ರಸ್ತೆಗೆ ವಾಹನ ಬಿಡುವುದನ್ನು ನಿಲ್ಲಿಸಿ ಪಾದಚಾರಿಗಳಿಗೆ ಬಿಟ್ಟುಕೊಡಲಾಯಿತು. ‘ಹೊಕೊತೆನ್’ ಎಂಬ ಈ ಏರ್ಪಾಡೇ ಬೀದಿ ಫ್ಯಾಷನ್ನಿಗೆ ವೇದಿಕೆಯಾಯಿತು. 1978ರಲ್ಲಿ ತೆರೆದ ತಕೆನೊಕೊ ಎಂಬ ಅಂಗಡಿಯ ಗಾಢ ಬಣ್ಣದ ನಿಲುವಂಗಿ, ಜೋಲು ಷರಾಯಿ ತೊಟ್ಟ ಹದಿಹರೆಯದವರು ನೆಲದ ಮೇಲೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು, ವೃತ್ತಾಕಾರವಾಗಿ ನಿಂತು ಡಿಸ್ಕೊ ಹಾಡಿಗೆ ಕುಣಿಯುತ್ತಿದ್ದರು. ಅಂಗಡಿಯ ಹೆಸರೇ ಗುಂಪಿಗೂ ಅಂಟಿ ‘ತಕೆನೊಕೊ ಗುಂಪು’ ಎಂದಾಯಿತು. ಪಕ್ಕದಲ್ಲೇ ಐವತ್ತರ ದಶಕದ ಅಮೆರಿಕನ್ನರಂತೆ ತೊಗಲಿನ ಜಾಕೆಟ್ ಹಾಕಿ, ಕೂದಲಿಗೆ ಎಣ್ಣೆ ಬಳಿದು ಎತ್ತಿ ಬಾಚಿದ ರಾಕ್ ಅಂಡ್ ರೋಲ್ ತಂಡಗಳಿರುತ್ತಿದ್ದವು. ಗದ್ದಲ, ಕಸ, ಸಂಚಾರದ ದೂರುಗಳು ಹೆಚ್ಚಿ 1998ರಲ್ಲಿ ಹೊಕೊತೆನ್ ರದ್ದಾಯಿತು.

ಅಮೆರಿಕದಿಂದ ಬಂದ ಬೇಲುಗಳು

ಡಾಲರಿನ ಬೆಲೆ ಇಳಿಸಲು ಮಾಡಿಕೊಂಡ 1985ರ ಪ್ಲಾಜಾ ಒಪ್ಪಂದ ಹಳೆಬಟ್ಟೆ ವ್ಯಾಪಾರದ ದಿಕ್ಕು ಬದಲಿಸಿತು. ಡಾಲರಿಗೆ ಸುಮಾರು 240 ಇದ್ದ ಯೆನ್ ದರ 1987ರ ಕೊನೆಗೆ 150ಕ್ಕಿಂತ ಕೆಳಗಿಳಿದು ಅಮೆರಿಕದ ಮಾಲು ಅಗ್ಗವಾಯಿತು. ಜಪಾನಿ ವರ್ತಕರು ಅಮೆರಿಕದ ಚಿಂದಿ ಗೋದಾಮುಗಳಲ್ಲಿ ಬಟ್ಟೆ ಆರಿಸಿ, ಬೇಲು ಕಟ್ಟಿಸಿ ತರಿಸತೊಡಗಿದರು. ಸಣ್ಣ ಊರುಗಳ ಹಳೆಯ ಅಂಗಡಿಗಳಲ್ಲಿ ಮಾರಾಟವಾಗದೆ ಬಿದ್ದಿದ್ದ ಜೀನ್ಸ್‌ಗಳನ್ನೂ ಹುಡುಕಿ ತಂದರು.

ಇಲ್ಲಿಂದ ಹಳೆಬಟ್ಟೆ ಎಂಬುದು ಎರಡಾಗಿ ಒಡೆಯಿತು: ಅಗ್ಗವೆಂದು ಕೊಳ್ಳುವ ಬಟ್ಟೆ ಒಂದು, ಅಪರೂಪವೆಂದು ಕೊಳ್ಳುವ ‘ವಿಂಟೇಜ್’ ಇನ್ನೊಂದು. ಎರಡನೆಯದರಲ್ಲಿ ಬೆಲೆ ನಿರ್ಧರಿಸುವುದು ಸಣ್ಣ ಗುರುತುಗಳು. ಲೀವೈಸ್ 501 ಜೀನ್ಸಿನ ಹಿಂಜೇಬಿಗೆ ಅಂಟಿಕೊಂಡ ಕೆಂಪು ಪಟ್ಟಿಯಲ್ಲಿ ಹೆಸರಿನ ‘ಇ’ ಅಕ್ಷರ ದೊಡ್ಡದಿದ್ದರೆ ಅದು 1971ಕ್ಕಿಂತ ಹಿಂದಿನದು. ಸೊಂಟದ ಚೀಟಿ ಕಾಗದದ್ದಲ್ಲದೆ ತೊಗಲಿನದಾಗಿದ್ದರೆ ಐವತ್ತರ ದಶಕಕ್ಕೋ ಅದಕ್ಕೂ ಹಿಂದಕ್ಕೋ ಹೋಗುತ್ತದೆ. ಕಾಲಿನ ತುದಿ ಮಡಚಿ ಒಳಹೊಲಿಗೆಯಲ್ಲಿ ಬಟ್ಟೆಯ ನೇಯ್ದ ಅಂಚು ಕಂಡರೆ ಕಿರಿದಗಲದ ಹಳೆಯ ಮಗ್ಗದ ಡೆನಿಮ್ ಎಂದರ್ಥ. ಪತ್ರಿಕೆಗಳು ಈ ಲಕ್ಷಣಗಳನ್ನು ಪಾಠದಂತೆ ಚಿತ್ರಸಮೇತ ಅಚ್ಚು ಹಾಕಿದವು. ಹಳೆಯ ಡೆನಿಮ್ಮಿನ ಈ ವ್ಯಾಮೋಹವೇ ಒಸಾಕಾದ ಸ್ಟುಡಿಯೊ ದಾರ್ಟಿಸಾನ್, ಎವಿಸು, ಫುಲ್‌ಕೌಂಟ್‌ನಂಥ ತಯಾರಕರನ್ನೂ ಒಕಾಯಾಮಾದ ಕೊಜಿಮಾ ಪಟ್ಟಣದ ಡೆನಿಮ್ ಉದ್ಯಮವನ್ನೂ ಬೆಳೆಸಿತು.

ಹಿಂಬೀದಿ ಮತ್ತು ಕ್ಯಾಮೆರಾ

1993ರಲ್ಲಿ ನಿಗೊ ಮತ್ತು ಜುನ್ ತಕಾಹಾಶಿ ಹರಾಜುಕುವಿನ ಒಳಓಣಿಯೊಂದರಲ್ಲಿ ‘ನೋವೇರ್’ ಎಂಬ ಪುಟ್ಟ ಅಂಗಡಿ ತೆರೆದರು. ‘ಎ ಬೇದಿಂಗ್ ಏಪ್’ ಮತ್ತು ‘ಅಂಡರ್‌ಕವರ್’ ಬ್ರ್ಯಾಂಡುಗಳು ಬೆಳೆದದ್ದು ಇಲ್ಲಿಂದ. ಇವರಿಗೆ ಹಿರಿಯಣ್ಣನಂತಿದ್ದವರು ಡಿಜೆ ಹಿರೊಶಿ ಫುಜಿವಾರಾ. ಬಾಡಿಗೆ ಕಡಿಮೆಯಿದ್ದ ಈ ಓಣಿಗಳಿಗೆ ‘ಉರಾ-ಹರಾಜುಕು’, ಎಂದರೆ ಹಿಂಬದಿಯ ಹರಾಜುಕು, ಎಂಬ ಹೆಸರು ಬಂತು. ಕೆಲವೇ ಟೀ ಷರ್ಟ್ ಅಚ್ಚು ಹಾಕಿ ಸರತಿ ಸಾಲು ನಿಲ್ಲಿಸುವ ಮಾರಾಟ ಕ್ರಮಕ್ಕೆ ಇಲ್ಲಿ ಬಲ ಬಂದಿತು.

ಇದೇ ಕಾಲದ ಇನ್ನೊಂದು ಧಾರೆಯನ್ನು ದಾಖಲಿಸಿದವರು ಛಾಯಾಗ್ರಾಹಕ ಶೊಇಚಿ ಅಒಕಿ. ಅಜ್ಜಿಯರ ಕಾಲದ ಕಿಮೊನೊ, ಒಬಿ ಎಂಬ ಸೊಂಟಪಟ್ಟಿಗಳನ್ನು ಪಾಶ್ಚಾತ್ಯ ಉಡುಪು, ದಪ್ಪ ಅಟ್ಟೆಯ ಪಾದರಕ್ಷೆಗಳ ಜತೆ ತೊಟ್ಟ ಹುಡುಗಿಯರನ್ನು ಕಂಡು ಅವರು 1997ರಲ್ಲಿ ‘ಫ್ರೂಟ್ಸ್’ ಮಾಸಪತ್ರಿಕೆ ಆರಂಭಿಸಿದರು. ಪುಟಕ್ಕೊಬ್ಬರಂತೆ ತಲೆಯಿಂದ ಕಾಲಿನವರೆಗಿನ ಚಿತ್ರ. ಜತೆಗೆ ಅವರ ವಯಸ್ಸು, ಉದ್ಯೋಗ, ಒಂದೊಂದು ಉಡುಪನ್ನೂ ಎಲ್ಲಿ ಕೊಂಡರೆಂಬ ಪಟ್ಟಿ. ಆ ಪಟ್ಟಿಗಳಲ್ಲಿ ‘ಹಳೆಬಟ್ಟೆ’, ‘ಸ್ವಂತ ತಯಾರಿ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಮೈತುಂಬ ಪ್ಲಾಸ್ಟಿಕ್ ಆಭರಣ, ಕ್ಲಿಪ್ಪುಗಳ ‘ಡೆಕೊರಾ’, ಲೇಸಿನ ಗೊಂಬೆಯುಡುಗೆಯ ‘ಲೊಲಿಟಾ’ ಮುಂತಾದ ಶೈಲಿಗಳು ಹೊರಜಗತ್ತಿಗೆ ತಲುಪಿದ್ದರಲ್ಲಿ ಈ ಪತ್ರಿಕೆಯ ಪಾಲು ದೊಡ್ಡದು.

ಇಳಿಮುಖ

2008ರಲ್ಲಿ ಎಚ್ ಅಂಡ್ ಎಂ, ಮರುವರ್ಷ ಫಾರೆವರ್ 21 ಎಂಬ ಅಗ್ಗದ ಉಡುಪಿನ ಸಂಸ್ಥೆಗಳು ಹರಾಜುಕುವಿನಲ್ಲಿ ಬೃಹತ್ ಮಳಿಗೆ ತೆರೆದವು. ಹೊಸ ಬಟ್ಟೆಯೇ ಹಳೆಬಟ್ಟೆಯಷ್ಟು ಅಗ್ಗವಾಯಿತು, ಮುಖ್ಯರಸ್ತೆಯ ಬಾಡಿಗೆ ಏರಿತು. ಸೇರಲು ಹೊಕೊತೆನ್ ಇರಲಿಲ್ಲ; ಉಡುಗೆ ತೋರಿಸುವ ಜಾಗ ಬೀದಿಯಿಂದ ಮೊಬೈಲಿಗೆ ಸರಿಯಿತು. ಚಿತ್ರ ತೆಗೆಯಲು ತಕ್ಕವರು ಬೀದಿಯಲ್ಲಿ ಸಿಗುತ್ತಿಲ್ಲವೆಂದು ಅಒಕಿ 2017ರ ಆರಂಭದಲ್ಲಿ ‘ಫ್ರೂಟ್ಸ್’ ಮಾಸಪತ್ರಿಕೆಯನ್ನು ನಿಲ್ಲಿಸಿದರು. ಅದೇ ವರ್ಷ ‘ಕೆರಾ’ ಎಂಬ ಬೀದಿ ಫ್ಯಾಷನ್ ಪತ್ರಿಕೆಯ ಮುದ್ರಣ ನಿಂತಿತು, ಫಾರೆವರ್ 21ರ ಹರಾಜುಕು ಮಳಿಗೆಯೂ ಮುಚ್ಚಿತು. ಹರಾಜುಕು ರೈಲು ನಿಲ್ದಾಣದ 1924ರ ಮರದ ಕಟ್ಟಡವನ್ನು 2020ರಲ್ಲಿ ಕೆಡವಲಾಯಿತು.

ಶಿಮೊಕಿತಜಾವ ಮತ್ತು ಕೊಯೆಂಜಿ

ಹಳೆಬಟ್ಟೆಯ ಅಂಗಡಿಗಳು ಬಾಡಿಗೆ ಕಡಿಮೆಯಿದ್ದ ಕಡೆ ಬೇರೂರಿದವು. ಒದಾಕ್ಯು ಮತ್ತು ಇನೊಕಾಶಿರಾ ರೈಲು ಮಾರ್ಗಗಳು ಕೂಡುವ ಶಿಮೊಕಿತಜಾವ, 1982ರ ಹೊಂದಾ ರಂಗಮಂದಿರದಿಂದಾಗಿ ನಾಟಕದವರ, ಸಂಗೀತಗಾರರ ಕೇರಿ. ಇಲ್ಲಿ ಹಳೆಯ ಸಾರ್ವಜನಿಕ ಸ್ನಾನಗೃಹವೊಂದೂ ಹಳೆಬಟ್ಟೆ ಅಂಗಡಿಯಾಗಿದೆ. 2013ರಲ್ಲಿ ಒದಾಕ್ಯು ಹಳಿ ನೆಲದಡಿಗೆ ಹೋಗಿ, ಮೇಲೆ ತೆರವಾದ ಜಾಗದಲ್ಲಿ ಹೊಸ ಮಳಿಗೆಗಳೆದ್ದವು. ಚುಒ ಮಾರ್ಗದ ಕೊಯೆಂಜಿ ಪಂಕ್ ಸಂಗೀತಕ್ಕೆ ಹೆಸರಾದ ಊರು. ಇಲ್ಲಿನ ಅಂಗಡಿಗಳು ಚಿಕ್ಕವು, ಒಬ್ಬೊಬ್ಬ ಮಾಲೀಕನ ಅಭಿರುಚಿಯಂತೆ ಒಂದೊಂದು ಬಗೆ.

ಪ್ರವಾಸಿಗರ ಕಾಲ

2024ರಲ್ಲಿ ಸುಮಾರು 3.69 ಕೋಟಿ ವಿದೇಶಿಯರು ಜಪಾನಿಗೆ ಬಂದರು. ಆ ವರ್ಷ ಜುಲೈಯಲ್ಲಿ ಡಾಲರಿನ ಬೆಲೆ 160 ಯೆನ್ ದಾಟಿತ್ತು. ಯೆನ್ ಬಲವಾಗಿದ್ದಾಗ ಅಮೆರಿಕದಿಂದ ಬಂದಿದ್ದ ಬಟ್ಟೆ, ಯೆನ್ ಬಡವಾದಾಗ ಪ್ರವಾಸಿಗರ ಪೆಟ್ಟಿಗೆಯಲ್ಲಿ ಹೊರಗೆ ಹೋಗತೊಡಗಿತು. ಅನೇಕ ಅಂಗಡಿಗಳಲ್ಲಿ ಚೀಟಿಯ ಮೇಲೆ ಭುಜ, ಎದೆ, ಉದ್ದದ ಅಳತೆಯನ್ನು ಸೆಂಟಿಮೀಟರಿನಲ್ಲಿ ಬರೆದಿರುತ್ತಾರೆ. ಹಳೆಯ ಉಡುಪಿನ ಸೈಜ್ ಸಂಖ್ಯೆಗಿಂತ ಅದನ್ನು ನಂಬುವುದು ಮೇಲು. ತೊಟ್ಟು ನೋಡುವ ಕೋಣೆಗೆ ಪಾದರಕ್ಷೆ ಬಿಟ್ಟು ಹೋಗಬೇಕು.

ಹರಾಜುಕು ಫ್ಯಾಷನ್ ಸತ್ತಿತೆಂಬ ಮಾತು 2017ರಿಂದ ಕೇಳಿಬರುತ್ತಿದೆ. ಸತ್ತದ್ದು ಫ್ಯಾಷನ್ ಅಲ್ಲ, ಅಲ್ಲಿನ ಅಗ್ಗದ ಬಾಡಿಗೆ ಮತ್ತು ಭಾನುವಾರದ ತೆರೆದ ಬೀದಿ. ವಿನ್ಯಾಸಕಾರರ ಹೆಸರುಗಳಿಗಿಂತ ಇವೆರಡೇ ಈ ಪರಂಪರೆಯ ಏಳುಬೀಳನ್ನು ಹೆಚ್ಚು ಸರಿಯಾಗಿ ವಿವರಿಸುತ್ತವೆ.