ದಕ್ಷಿಣೇಶ್ವರದ ದಾಸವಾಳ ಮತ್ತು ಒಂದು ಚೀಲದ ಕಥೆ

ರೇಡಿಯೋದಲ್ಲಿ ನನ್ನ ದನಿ ಕೇಳುವ ನಿಮಗೆ ಈ ಪುಟದಲ್ಲಿ ಒಂದು ಪುಟ್ಟ ಇತಿಹಾಸ ಹೇಳಬೇಕೆನಿಸಿದೆ. ವಿಷಯ ದೊಡ್ಡದೇನಲ್ಲ, ಒಂದು ಚೀಲ. ನೀವು ಬೆಳಿಗ್ಗೆ ತರಕಾರಿ ತಂದಿರಲ್ಲ, ಅಂಥದ್ದೇ ಚೀಲ.

ಕಳೆದ ಚಳಿಗಾಲದಲ್ಲಿ ಊರಿನಿಂದ ನೆಂಟರು ಬಂದಿದ್ದರು. ಕೋಲ್ಕತ್ತಾಕ್ಕೆ ಬಂದ ಮೇಲೆ ದಕ್ಷಿಣೇಶ್ವರ ನೋಡದೆ ಹೋಗುವುದುಂಟೇ? 2021ರ ಫೆಬ್ರವರಿಯಿಂದ ಅಲ್ಲಿಯವರೆಗೂ ಮೆಟ್ರೋ ಇದೆ. ರೈಲಿನಿಂದ ಇಳಿದು, 2018ರಲ್ಲಿ ತೆರೆದ ಮೇಲುದಾರಿ ಹಿಡಿದು ಗುಡಿಯ ಕಡೆ ನಡೆದೆವು. ಪೂಜೆಯ ಬುಟ್ಟಿಗೆ ಇಲ್ಲಿ ‘ಡಾಲಾ’ ಎನ್ನುತ್ತಾರೆ. ಕೆಂಪು ದಾಸವಾಳದ ಹಾರ, ಊದುಕಡ್ಡಿ, ಪೇಡ. ಇನ್ನೊಂದು ಹಾರ ಬೇಕೆಂದಾಗ ಹೂವಿನವಳು ಅದನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೊಟ್ಟಳು. ನಮ್ಮ ಚಿಕ್ಕಪ್ಪ, "ನಮ್ಮ ಕಡೆ ಇದಕ್ಕೆ ನಿಷೇಧ ಇದೆಯಮ್ಮಾ" ಎಂದರು. ನಾನು ಬಂಗಾಳಿಯಲ್ಲಿ ಹೇಳಿದೆ. ಅವಳು ನಕ್ಕು, "ಇಲ್ಲೂ ಇದೆ. ಆದರೆ ಎಲ್ಲರೂ ಕೈ ಬೀಸಿಕೊಂಡು ಬರುತ್ತೀರಲ್ಲ!" ಎಂದಳು. ಚಿಕ್ಕಪ್ಪ ಸುಮ್ಮನಾದರು. ನಾವೂ ಕೈ ಬೀಸಿಕೊಂಡೇ ಹೋಗಿದ್ದೆವು.

ಆ ಮಾತು ನನ್ನನ್ನು ಹಳೆಯ ಕಾಲಕ್ಕೆ ಕರೆದೊಯ್ದಿತು. ರಾಣಿ ರಾಸಮಣಿ ಕಟ್ಟಿಸಿದ ಈ ಕಾಳಿ ಗುಡಿಯಲ್ಲಿ ಪ್ರತಿಷ್ಠೆ ನಡೆದದ್ದು 1855ರ ಮೇ 31ರಂದು. ಅದೇ 1855ರಲ್ಲಿ, ಇದೇ ಹೂಗ್ಲಿ ನದಿಯ ದಡದಲ್ಲಿ, ಸ್ವಲ್ಪ ಮೇಲಕ್ಕಿರುವ ರಿಶ್ರಾದಲ್ಲಿ ಜಾರ್ಜ್ ಆಕ್‌ಲೆಂಡ್ ಎಂಬಾತ ಭಾರತದ ಮೊದಲ ಸೆಣಬಿನ ಗಿರಣಿ ಆರಂಭಿಸಿದ. 1859ರಲ್ಲಿ ದಕ್ಷಿಣೇಶ್ವರಕ್ಕೆ ಅಂಟಿಕೊಂಡೇ ಇರುವ ಬಾರಾನಗರದಲ್ಲಿ ಯಂತ್ರದ ಮಗ್ಗಗಳೂ ಬಂದವು. ನಮ್ಮ ಕುವೆಂಪು 1929ರಲ್ಲಿ ದೀಕ್ಷೆ ಪಡೆಯಲು ಬೇಲೂರು ಮಠಕ್ಕೆ ಬಂದಾಗ ಹೂಗ್ಲಿಯ ಎರಡೂ ದಡಗಳಲ್ಲಿ ಗುಡಿ ಗೋಪುರಗಳ ಜೊತೆ ಗಿರಣಿಗಳ ಚಿಮಣಿಗಳೂ ಇದ್ದವು.

ಆ ಗಿರಣಿಗಳು ಮಾಡುತ್ತಿದ್ದದ್ದು ಏನು? ಚೀಲ! ನಾವು ಗೋಣಿ ಎನ್ನುವ ಚೀಲ. ಇಂಗ್ಲಿಷಿನವರ ‘ಗನ್ನಿ’ ಕೂಡ ನಮ್ಮ ನೆಲದ ಈ ‘ಗೋಣಿ’ಯಿಂದಲೇ ಹೋದ ಮಾತು. ಜಗತ್ತಿನ ಗೋಧಿ, ಕಾಫಿ, ಸಕ್ಕರೆ ಈ ನದಿಯ ದಡದಲ್ಲಿ ನೇಯ್ದ ಚೀಲಗಳಲ್ಲಿ ಹಡಗು ಹತ್ತುತ್ತಿದ್ದವು. 1947ರ ವಿಭಜನೆ ಈ ಉದ್ಯಮವನ್ನು ಎರಡು ತುಂಡು ಮಾಡಿತು. ಸೆಣಬು ಬೆಳೆಯುವ ಹೊಲಗಳಲ್ಲಿ ಹೆಚ್ಚಿನವು ಪೂರ್ವ ಪಾಕಿಸ್ತಾನಕ್ಕೆ ಹೋದವು, ಗಿರಣಿಗಳು ಇಲ್ಲಿ ಉಳಿದವು. ಆ ಗಾಯ ಮಾಯುವ ಮೊದಲೇ ಪ್ಲಾಸ್ಟಿಕ್ ಬಂತು.

ಪಾಲಿಥೀನ್ ಹುಟ್ಟಿದ್ದು 1933ರಲ್ಲಿ, ಇಂಗ್ಲೆಂಡಿನ ನಾರ್ತ್‌ವಿಚ್‌ನ ಒಂದು ಪ್ರಯೋಗಾಲಯದಲ್ಲಿ, ಆಕಸ್ಮಿಕವಾಗಿ. ಹಿಡಿಕೆಯಿರುವ ಚೀಲವನ್ನು ಅದರಿಂದ ಮಾಡಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥೂಲಿನ್. 1965ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಕಾಗದದ ಚೀಲಕ್ಕಾಗಿ ಮರ ಕಡಿಯುವುದು ತಪ್ಪಲಿ, ಇದನ್ನು ಮತ್ತೆ ಮತ್ತೆ ಬಳಸಲಿ ಎಂಬುದು ಅವರ ಆಸೆಯಾಗಿತ್ತೆಂದು ಅವರ ಮಗ ಮುಂದೆ ಹೇಳಿದ್ದಾರೆ. ಮರ ಉಳಿಸಲು ಬಂದ ಚೀಲ ಮೋರಿ ಕಟ್ಟುವ ಚೀಲವಾಯಿತು ನೋಡಿ!

ಮೋರಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಪಕ್ಕದ ಬಾಂಗ್ಲಾದೇಶದಲ್ಲಿ 1988 ಮತ್ತು 1998ರಲ್ಲಿ ಭಾರೀ ಪ್ರವಾಹ ಬಂದಾಗ, ನೀರು ಇಳಿಯದಿರಲು ಚರಂಡಿಗೆ ಸಿಕ್ಕಿಕೊಂಡ ಚೀಲಗಳೂ ಒಂದು ಕಾರಣವೆಂದು ಗೊತ್ತಾಯಿತು. 2002ರಲ್ಲಿ ಆ ದೇಶ ತೆಳು ಪಾಲಿಥೀನ್ ಚೀಲಗಳನ್ನು ನಿಷೇಧಿಸಿತು. ಇಡೀ ದೇಶಕ್ಕೆ ಅಂಥ ನಿಷೇಧ ತಂದದ್ದು ಜಗತ್ತಿನಲ್ಲೇ ಅದು ಮೊದಲು. ಆದರೆ ಕೆಲವು ವರ್ಷಗಳಲ್ಲೇ ಚೀಲ ಮರಳಿ ಬಂತು, 2024ರಲ್ಲಿ ಅಲ್ಲಿನ ಸರ್ಕಾರ ಅದೇ ನಿಷೇಧವನ್ನು ಮತ್ತೆ ಜಾರಿ ಮಾಡಲು ಹೊರಡಬೇಕಾಯಿತು. ಅದೇ 2002ರಲ್ಲಿ ಐರ್ಲೆಂಡ್ ಬೇರೆ ದಾರಿ ಹಿಡಿಯಿತು. ನಿಷೇಧವಿಲ್ಲ, ಆದರೆ ಒಂದು ಚೀಲಕ್ಕೆ 15 ಸೆಂಟ್ ಸುಂಕ. ಚೀಲದ ಬಳಕೆ ಶೇಕಡಾ 90ಕ್ಕೂ ಹೆಚ್ಚು ಇಳಿಯಿತು. ‘ಬೇಡ’ ಎಂದದ್ದಕ್ಕಿಂತ ‘ದುಡ್ಡು ಕೊಡು’ ಎಂದದ್ದು ಚೆನ್ನಾಗಿ ಕೇಳಿಸಿತು!

ನಮ್ಮ ದೇಶದ ಚರ್ಚೆ ದಪ್ಪದ ಸುತ್ತ ತಿರುಗಿತು. 1999ರ ಕೇಂದ್ರ ನಿಯಮ ಚೀಲ 20 ಮೈಕ್ರಾನ್ ದಪ್ಪವಾದರೂ ಇರಲಿ ಎಂದಿತು. 2011ರಲ್ಲಿ ಅದು 40 ಆಯಿತು, 2016ರಲ್ಲಿ 50. 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ಇರುತ್ತದೆ. ದಪ್ಪಕ್ಕೇಕೆ ಇಷ್ಟು ಮಹತ್ವ? ದಪ್ಪ ಚೀಲಕ್ಕೆ ಬೆಲೆ ಹೆಚ್ಚು, ಅಂಗಡಿಯವನು ಪುಕ್ಕಟೆ ಕೊಡಲಾರ. ಚಿಂದಿ ಆಯುವವರಿಗೆ ಅದನ್ನು ಹೆಕ್ಕಿದರೆ ತೂಕ ಬರುತ್ತದೆ. ತೆಳು ಚೀಲಗಳನ್ನು ರಾಶಿ ಹೆಕ್ಕಿದರೂ ಒಂದು ಕಿಲೋ ಆಗದು, ಅದಕ್ಕೇ ಅವು ಬಿದ್ದಲ್ಲೇ ಇರುತ್ತವೆ. ಆದರೆ ಸಂತೆಯಲ್ಲಿ ನಿಂತು ಚೀಲದ ದಪ್ಪ ಅಳೆಯುವವರು ಯಾರು? ಕರ್ನಾಟಕ ಈ ಲೆಕ್ಕವೇ ಬೇಡವೆಂದು 2016ರ ಮಾರ್ಚ್‌ನಲ್ಲಿ ದಪ್ಪ ನೋಡದೆ ಪ್ಲಾಸ್ಟಿಕ್ ಕೈಚೀಲಗಳನ್ನೇ ನಿಷೇಧಿಸಿತು. ಚಿಕ್ಕಪ್ಪ ಹೇಳಿದ ನಿಷೇಧ ಇದೇ. ಊರಿಗೆ ಹೋದಾಗ ನೋಡಿ, ಅಲ್ಲೂ ಚೀಲ ಪೂರ್ತಿ ಮಾಯವಾಗಿಲ್ಲ.

ಇನ್ನು ದಕ್ಷಿಣೇಶ್ವರ ಕೋಲ್ಕತ್ತಾ ಕಾರ್ಪೊರೇಷನ್ನಿಗೆ ಸೇರಿದ್ದೇ ಅಲ್ಲ. ಅದು ಉತ್ತರ 24 ಪರಗಣ ಜಿಲ್ಲೆಯ ಕಾಮಾರ್‌ಹಾಟಿ ಪುರಸಭೆಗೆ ಸೇರಿದ್ದು. ನದಿಯಾಚೆಯ ಬಾಲಿ ಹೌರಾ ಜಿಲ್ಲೆಗೆ ಸೇರಿದ್ದು. ಯಾತ್ರಿಕರು ಹೂವನ್ನು ಚೀಲದ ಗಂಟು ಬಿಚ್ಚದೆ ಗಂಗೆಗೆ ಎಸೆಯುತ್ತಾರೆ. ತೇಲುವ ಚೀಲಕ್ಕೆ ಪುರಸಭೆಯ ಗಡಿ ಗೊತ್ತೇ?

ಹೂವಿನವಳ ಪಕ್ಷವನ್ನೂ ಕೇಳಬೇಕು. ಹತ್ತು ರೂಪಾಯಿಯ ಹಾರಕ್ಕೆ ಅವಳು ಸೆಣಬಿನ ಚೀಲ ಕೊಡಲಾದೀತೇ? ಚೀಲ ಇಲ್ಲವೆಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ದಂಡ ಬೀಳುವುದೂ ಹೆಚ್ಚಾಗಿ ಅವಳಂಥವರಿಗೇ, ಚೀಲ ಮಾಡುವ ಕಾರ್ಖಾನೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹಾಗಾದರೆ ಸೆಣಬಿನವರ ಮಾತು? 1987ರಲ್ಲಿ ಕೇಂದ್ರ ಸರ್ಕಾರ ಕೆಲವು ವಸ್ತುಗಳನ್ನು ಸೆಣಬಿನ ಚೀಲದಲ್ಲೇ ತುಂಬಬೇಕೆಂದು ಕಾಯಿದೆ ಮಾಡಿತು. ಈ ದಡದ ಗಿರಣಿಗಳು ಉಸಿರಾಡುತ್ತಿರುವುದು ಬಹುಪಾಲು ಆ ಕಾಯಿದೆಯಡಿ ಧಾನ್ಯ ತುಂಬುವ ಚೀಲಗಳಿಂದ. ಸಿಮೆಂಟು, ಗೊಬ್ಬರದ ಚೀಲಗಳು ಎಂದೋ ಪ್ಲಾಸ್ಟಿಕ್ ಪಾಲಾದವು. ಕೈಚೀಲವಾದರೂ ಮರಳಲಿ ಎಂದು ಅವರು ಕೇಳಿದರೆ ಅದು ಬರೀ ವ್ಯಾಪಾರದ ಮಾತಲ್ಲ, ಹೊಟ್ಟೆಪಾಡು.

ಇಲ್ಲಿ ನನಗೆ ಅಮ್ಮನ ವಯರ್ ಬುಟ್ಟಿ ನೆನಪಾಗುತ್ತದೆ. ನಿಮ್ಮ ಮನೆಯಲ್ಲೂ ಇದ್ದಿರಬೇಕು, ಹಸಿರು ಬಿಳಿ ವಯರಿನಲ್ಲಿ ಹೆಣೆದದ್ದು. ಅದೂ ಪ್ಲಾಸ್ಟಿಕ್ಕೇ! ಆದರೆ ಅಮ್ಮ ಅದರಲ್ಲಿ ಇಪ್ಪತ್ತು ವರ್ಷ ತರಕಾರಿ ತಂದಳು, ಹಿಡಿಕೆ ಕಿತ್ತಾಗ ಮತ್ತೆ ಹೆಣೆದಳು. ಒಂದೇ ಒಂದು ದಿನವೂ ಅದು ಮೋರಿಗೆ ಬೀಳಲಿಲ್ಲ. ಹಾಗಾದರೆ ತಪ್ಪು ಪ್ಲಾಸ್ಟಿಕ್ಕಿನದೋ, ಐದು ನಿಮಿಷ ಬಳಸಿ ಬಿಸಾಡುವ ನಮ್ಮ ಕೈಯದೋ? ಬಟ್ಟೆಯ ಚೀಲವನ್ನೂ ಒಂದು ಸಲ ಬಳಸಿ ಮೂಲೆಗೆ ಎಸೆದರೆ ಅದರಿಂದ ಏನೂ ಸಾಧಿಸಿದಂತಾಗುವುದಿಲ್ಲ.

ರಾಣಿ ರಾಸಮಣಿಯ ಬಗ್ಗೆ ಬಂಗಾಳಿಗಳು ಒಂದು ಕಥೆ ಹೇಳುತ್ತಾರೆ. ಬ್ರಿಟಿಷರು ಗಂಗೆಯ ಬೆಸ್ತರ ಮೇಲೆ ಕರ ಹಾಕಿದಾಗ ಆಕೆ ನದಿಯ ಒಂದು ಭಾಗವನ್ನೇ ಗುತ್ತಿಗೆಗೆ ಹಿಡಿದು, ಅಡ್ಡಲಾಗಿ ಸರಪಳಿ ಕಟ್ಟಿಸಿ ಹಡಗುಗಳನ್ನು ನಿಲ್ಲಿಸಿದಳಂತೆ. ಕರ ರದ್ದಾಯಿತಂತೆ. ನದಿಯನ್ನೂ, ನದಿಯ ಮೇಲೆ ಬದುಕುವ ಬಡವರನ್ನೂ ಆಕೆ ಒಟ್ಟಿಗೇ ಕಂಡಳು. ಚೀಲದ ಕಾನೂನು ಮಾಡುವವರಿಗೂ ಅಂಥ ಕಣ್ಣು ಬೇಕು. ಹೂವಿನವಳಿಗೆ ದಂಡ ಹಾಕುವ ಮೊದಲು ಅವಳ ಕೈಗೆ ಎಲೆಯ ಪೊಟ್ಟಣವೋ ಕಾಗದದ ‘ಠೋಂಗಾ’ವೋ ಅಗ್ಗವಾಗಿ ಸಿಗುವಂತೆ ಮಾಡಲಿ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಬಾಡುತ್ತಿರಲಿಲ್ಲ ಅಲ್ಲವೇ?

ಮತ್ತೆ ನಾವು? ಸಂಕ್ರಾಂತಿಗೆ ಇನ್ನೊಮ್ಮೆ ಅದೇ ಗುಡಿಗೆ ಹೋದೆ, ಈ ಸಲ ಬಟ್ಟೆಯ ಚೀಲ ಹೆಗಲಿಗೆ ಹಾಕಿಕೊಂಡು. ಹೂವಿನವಳು ಪ್ಲಾಸ್ಟಿಕ್ ಚೀಲಕ್ಕೆ ಕೈ ಹಾಕುವ ಮೊದಲೇ ಬಾಯಿ ತೆರೆದು ಹಿಡಿದೆ. ಅವಳು ಹಾರವನ್ನು ಅದರೊಳಗೆ ಇಳಿಸಿ, ಮೇಲೆ ಒಂದು ದಾಸವಾಳ ಕೊಸರು ಹಾಕಿದಳು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ. ಅಲ್ಲಿಯವರೆಗೆ ಮನೆಯಿಂದ ಹೊರಡುವಾಗ ಒಂದು ಚೀಲ ಮರೆಯಬೇಡಿ.